ಕಡಾಣಿಯಿಂದ ಸ್ಟೆಪ್ನಿಯವರೆಗೆ

ಕಳೆದ ತಿಂಗಳು ನನ್ನ ಅಕ್ಕನ ಮಗಳ ಮಗ ಹೊಸ ಕಾರು ಕೊಂಡು, ಅದನ್ನು ಹಿರಿಯರಿಗೆ ತೋರಿಸಲೆಂದು ಬೆಂಗಳೂರಿನಿಂದ ಕೊತ್ತಗೆರೆಗೆ ಬಂದಿದ್ದ. ಚಕ್ರಗಳಡಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ್ದಾಯಿತು. ಮರುದಿನ ಬೆಳಿಗ್ಗೆ ಹೆಂಡತಿ, ಇಬ್ಬರು ಮಕ್ಕಳೊಡನೆ ಸಕಲೇಶಪುರ, ಶಿರಾಡಿ ಘಾಟಿ, ಉಡುಪಿ, ಗೋಕರ್ಣ ಎಂದು ಕಾರವಾರದವರೆಗೆ ಹೋಗುವ ಕಾರ್ಯಕ್ರಮ. ನಾನು ಹಳೆಯ ಅಭ್ಯಾಸದಂತೆ ಡಿಕ್ಕಿ ತೆಗೆಸಿ ನೋಡಿದೆ.

"ಸ್ಟೆಪ್ನಿ ಎಲ್ಲಪ್ಪಾ?" ಎಂದೆ.

"ಈ ಗಾಡಿಗೆ ಸ್ಟೆಪ್ನಿ ಕೊಡೋದಿಲ್ಲ ತಾತ. ಪಂಕ್ಚರ್ ಕಿಟ್ ಕೊಟ್ಟಿದ್ದಾರೆ. ಏನಾದರೂ ಆದರೆ ಒಂದು ಫೋನ್ ಮಾಡಿದರೆ ಸಾಕು, ಅವರೇ ಬರ್ತಾರೆ."

"ಘಾಟಿಯಲ್ಲಿ ಫೋನ್ ಸಿಗದಿದ್ದರೆ?"

ಅವನು ನಕ್ಕ. "ನೀವು ಯಾವಾಗಲೂ ಕೆಟ್ಟದ್ದನ್ನೇ ಯೋಚಿಸ್ತೀರಿ ತಾತ" ಎಂದ.

ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಮುಂಬರುವ ಕೆಡುಕನ್ನು ಎಣಿಸಿ ಸಿದ್ಧನಾಗುವುದು ಹೆದರಿಕೆಯೇ, ವಿವೇಕವೇ? ಆ ಹುಡುಗನ ತಾಯಿ ಈ ಲೋಕಕ್ಕೆ ಸುಖವಾಗಿ ಬಂದದ್ದೇ ನಮ್ಮಪ್ಪ 'ಕೆಟ್ಟದ್ದನ್ನು ಯೋಚಿಸಿದ್ದರಿಂದ' ಎಂಬುದು ಅವನಿಗೆ ತಿಳಿಯದು. ಅದನ್ನು ಇಲ್ಲಿ ಬರೆದಿಡುವೆ. ಜೊತೆಗೆ, ನಮ್ಮ ಕುಣಿಗಲ್ ಸೀಮೆಯ ದಾರಿಗಳು ಕಂಡ ಒಂದು ದೊಡ್ಡ ಚರಿತ್ರೆಯನ್ನೂ ಹೇಳುವೆ. ಓದುಗರು ಸ್ವಲ್ಪ ತಾಳ್ಮೆ ವಹಿಸಬೇಕು. ಮೇಷ್ಟರ ಮಾತು ಎಂದಮೇಲೆ ಪಾಠ ತಪ್ಪಿದ್ದಲ್ಲ.

ಅದು 1960ನೆಯ ಇಸವಿ. ನನಗಾಗ ಹತ್ತು ವರ್ಷ. ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಊರಿನ ಸೂಲಗಿತ್ತಿ ಒಂದು ಹಗಲು ನೋಡಿ, "ಇದು ನನ್ನ ಕೈಲಿ ಆಗುವುದಲ್ಲ ಸ್ವಾಮಿ, ಕುಣಿಗಲ್ ಆಸ್ಪತ್ರೆಗೆ ಹೊರಡಿ" ಎಂದಾಗ ರಾತ್ರಿಯಾಗಿತ್ತು. ಅಪ್ಪ ಕಮಾನುಗಾಡಿಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿ, ಅಕ್ಕನನ್ನೂ ಅಮ್ಮನನ್ನೂ ಕೂರಿಸಿದರು. ಲಾಟೀನು ಹಿಡಿಯುವ ಕೆಲಸ ನನ್ನದು.

ಅರ್ಧ ದಾರಿಯಲ್ಲಿ ಎಡಗಡೆಯ ಚಕ್ರ ವಿಚಿತ್ರವಾಗಿ ಕಿರುಗುಟ್ಟಿತು. ಅಪ್ಪ ಒಡನೆಯೇ ಎತ್ತುಗಳನ್ನು ನಿಲ್ಲಿಸಿ ಕೆಳಗಿಳಿದು ನೋಡಿದರು. ಅಚ್ಚಿನ ತುದಿಯ ಕಡಾಣಿ ಬಿದ್ದುಹೋಗಿತ್ತು. ಕಡಾಣಿ ಎಂದರೆ ಗೇಣುದ್ದವೂ ಇಲ್ಲದ ಒಂದು ಕಬ್ಬಿಣದ ಕೀಲು. ಚಕ್ರ ಅಚ್ಚಿನಿಂದ ಹೊರಗೆ ಜಾರದಂತೆ ತಡೆಯುವುದು ಅದೊಂದೇ. ಇನ್ನು ನಾಲ್ಕು ಸುತ್ತು ತಿರುಗಿದ್ದರೆ ಚಕ್ರ ಕಳಚಿ ಗಾಡಿ ಮಗುಚುತ್ತಿತ್ತು. ಆ ಕತ್ತಲಲ್ಲಿ ಬಿದ್ದ ಕಡಾಣಿಯನ್ನು ಹುಡುಕುವುದೆಂದರೆ ಬಣವೆಯಲ್ಲಿ ಸೂಜಿ ಹುಡುಕಿದಂತೆಯೇ ಸರಿ. ಅಪ್ಪ ಹುಡುಕಲಿಲ್ಲ. ಗಾಡಿಯ ಕೆಳಗೆ ಕಟ್ಟಿದ್ದ ಗೋಣಿಚೀಲಕ್ಕೆ ಕೈಹಾಕಿ ಇನ್ನೊಂದು ಕಡಾಣಿಯನ್ನು ತೆಗೆದು, ಕಲ್ಲಿನಿಂದ ನಾಲ್ಕು ಏಟು ಹೊಡೆದು ಕೂರಿಸಿದರು. ಎಲ್ಲ ಸೇರಿ ಐದು ನಿಮಿಷದ ಕೆಲಸ. ಬೆಳಗಿನ ಜಾವಕ್ಕೆ ಕುಣಿಗಲ್ಲಿನಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಉಳಿದರು.

ಆ ಗೋಣಿಚೀಲದಲ್ಲಿ ಏನೇನಿತ್ತೆಂಬುದು ನನಗೆ ಈಗಲೂ ಬಾಯಿಪಾಠ. ಎರಡು ಕಡಾಣಿ, ನೊಗಕ್ಕೆ ಕಟ್ಟುವ ಮಿಣಿ ಒಂದು ಜೊತೆ, ಉದ್ದನೆಯ ಹಗ್ಗ, ಒಂದು ಬಾಚಿ, ಹಳೆಯ ಬಟ್ಟೆಯ ಚೂರುಗಳು, ನಾಲ್ಕಾರು ಲಾಳ ಮತ್ತು ಮೊಳೆ, ಒಂದು ಬೆಂಕಿಪೊಟ್ಟಣ. ಪಕ್ಕದಲ್ಲಿ ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ ತೂಗಾಡುತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿ ಮಾಡಿದ ಆ ಕಪ್ಪು ಜಿಡ್ಡನ್ನು ಹಚ್ಚದೆ ಅಪ್ಪ ಗಾಡಿಯನ್ನು ಅಂಗಳ ದಾಟಿಸುತ್ತಿರಲಿಲ್ಲ. ಎಡೆಯೂರಿನ ಜಾತ್ರೆಗೋ ಸಿದ್ಧಗಂಗೆಯ ಜಾತ್ರೆಗೋ ಹೊರಟಾಗ ಇದರ ಜೊತೆಗೆ ಎತ್ತುಗಳಿಗೆ ಹುಲ್ಲು, ಹಿಂಡಿ, ನಮಗೆ ಬುತ್ತಿ. ಒಂಟಿ ಗಾಡಿ ದೂರದ ದಾರಿ ಹಿಡಿಯುತ್ತಿರಲಿಲ್ಲ. ಹತ್ತು ಗಾಡಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಒಬ್ಬನ ಅಚ್ಚು ಮುರಿದರೆ ಉಳಿದ ಒಂಬತ್ತು ಗಾಡಿಗಳು ಅವನ ಹೊರೆಯನ್ನು ಹಂಚಿಕೊಳ್ಳುತ್ತಿದ್ದವು. ಇದನ್ನು ಯಾರೂ ಪುಸ್ತಕದಲ್ಲಿ ಓದಿ ಕಲಿತವರಲ್ಲ.

ಮುಂದೆ ನಾನು ಮೇಷ್ಟರಾದ ಮೇಲೆ ಒಮ್ಮೆ ಮಕ್ಕಳನ್ನು ಹುತ್ರಿದುರ್ಗದ ಬೆಟ್ಟಕ್ಕೆ ಕರೆದೊಯ್ದಿದ್ದೆ. ಮೇಲಿನ ಕೋಟೆಗೋಡೆಯ ಬಳಿ ಕುಳಿತು, ಕಾರ್ನ್‌ವಾಲಿಸನ ಸೈನ್ಯ ಇಲ್ಲಿಗೆ ಬಂದ ಕಥೆ ಹೇಳುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಸಾರ್, ಫಿರಂಗಿ ಗಾಡಿ ದಾರೀಲಿ ಕೆಟ್ಟರೆ ಏನ್ಮಾಡ್ತಿದ್ರು?" ಎಂದು ಕೇಳಿದ. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಆ ಯುದ್ಧದ ಸೋಲುಗೆಲುವಿನ ಗುಟ್ಟು ಇರುವುದೇ ಆ ಪ್ರಶ್ನೆಯಲ್ಲಿ.

ಮೂರನೆಯ ಮೈಸೂರು ಯುದ್ಧದ ಕಾಲ. 1791ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಲಾರ್ಡ್ ಕಾರ್ನ್‌ವಾಲಿಸ್, ಮುಂಗಾರಿಗೆ ಮೊದಲೇ ಶ್ರೀರಂಗಪಟ್ಟಣವನ್ನು ಹಿಡಿದುಬಿಡಬೇಕೆಂಬ ಆತುರದಿಂದ ಮೇ ತಿಂಗಳ ಮೊದಲಲ್ಲೇ ಹೊರಟ. ಚನ್ನಪಟ್ಟಣದ ನೇರ ದಾರಿಯಲ್ಲಿ ಟಿಪ್ಪು ಹುಲ್ಲು, ಧಾನ್ಯ ಯಾವುದೂ ಸಿಗದಂತೆ ಮಾಡಿದ್ದನಾದ್ದರಿಂದ ಕನಕಪುರದ ಕಡೆಯ ಬಳಸುದಾರಿ ಹಿಡಿಯಬೇಕಾಯಿತು. ಅದು ಕಲ್ಲುಮುಳ್ಳಿನ, ಹಳ್ಳಕೊಳ್ಳಗಳ ದಾರಿ, ಅಲ್ಲಿಯೂ ಮೇವಿರಲಿಲ್ಲ. ಕೋಟೆ ಒಡೆಯುವ ದೊಡ್ಡ ಫಿರಂಗಿಗಳನ್ನು ಎಳೆಯಬೇಕಾದ ಎತ್ತುಗಳು ಹಸಿವಿನಿಂದಲೂ ರೋಗದಿಂದಲೂ ದಾರಿಯುದ್ದಕ್ಕೂ ಸತ್ತವು. ಬದಲಿ ಎತ್ತುಗಳಿರಲಿಲ್ಲ. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಕಾರ್ನ್‌ವಾಲಿಸ್ ಮೇಲುಗೈ ಪಡೆದನಾದರೂ ಆ ಗೆಲುವು ಉಪಯೋಗಕ್ಕೆ ಬರಲಿಲ್ಲ. ಸೈನ್ಯ ಕಣ್ಣಂಬಾಡಿಯವರೆಗೆ ತೆವಳಿತು. ಮಳೆ ಹಿಡಿಯಿತು, ಅಕ್ಕಿ ಮುಗಿಯಿತು, ಸಿಡುಬು ಕಾಣಿಸಿಕೊಂಡಿತು. ಕೊನೆಗೆ ಅಷ್ಟು ದೂರ ಎಳೆದು ತಂದ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಳುಗೆಡವಿ, ಮೇ ತಿಂಗಳ ಕೊನೆಯಲ್ಲಿ ಹಿಂದಿರುಗಬೇಕಾಯಿತು. ಇಂದು ಕೃಷ್ಣರಾಜಸಾಗರದ ಕಟ್ಟೆ ಇರುವ ಪ್ರದೇಶವದು. ಬೃಂದಾವನ ನೋಡಲು ಹೋಗುವ ಎಷ್ಟು ಜನಕ್ಕೆ ಇದು ನೆನಪಾಗುತ್ತದೆಯೋ!

ಇದರಲ್ಲಿ ಇನ್ನೊಂದು ಸಂಗತಿಯಿದೆ. ಹಿಮ್ಮೆಟ್ಟಿದ ಮೊದಲ ದಿನದ ನಡಿಗೆಯಲ್ಲೇ ಕಾರ್ನ್‌ವಾಲಿಸನಿಗೆ ಎದುರಾದದ್ದು ಅವನಿಗೆ ನೆರವಾಗಲು ಬರುತ್ತಿದ್ದ ಮರಾಠರ ಸೈನ್ಯ. ಪರಶುರಾಮ ಭಾವು ಮತ್ತು ಹರಿಪಂತರ ಆ ದಂಡಿನ ಜೊತೆಗೆ ಬೇಕಾದಷ್ಟು ಧಾನ್ಯದ ಬಜಾರೂ ಇತ್ತು. ಅವರು ಅಷ್ಟು ಹತ್ತಿರ ಬಂದಿರುವರೆಂಬುದು ಇವನಿಗೆ ತಿಳಿದೇ ಇರಲಿಲ್ಲ. ಇಬ್ಬರ ನಡುವಿನ ಪತ್ರಗಳನ್ನು ಟಿಪ್ಪುವಿನ ಸವಾರರು ದಾರಿಯಲ್ಲೇ ತಡೆದಿದ್ದರು. ಕೆಲವು ದಿನ ಮೊದಲು ಸುದ್ದಿ ಮುಟ್ಟಿದ್ದರೆ ಫಿರಂಗಿಗಳನ್ನು ಒಡೆಯಬೇಕಾಗುತ್ತಿರಲಿಲ್ಲವೇನೋ. ನೆರವು ಇದ್ದರೆ ಸಾಲದು, ನೆರವಿಗೆ ಸುದ್ದಿ ಮುಟ್ಟುವ ದಾರಿಯೂ ಇರಬೇಕು. ಫೋನ್ ಸಿಗದ ಘಾಟಿಯಲ್ಲಿ ನಿಂತವನ ಪಾಡೂ ಇದೇ.

ಸೋತು ಬರುವಾಗ ಆ ಸೈನ್ಯ ನಮ್ಮ ಹುಲಿಯೂರುದುರ್ಗದ ಮೇಲೆ ಬಂತು. ಜೂನ್ ತಿಂಗಳಲ್ಲಿ ಆ ಕೋಟೆ ಶರಣಾಯಿತು. ಜುಲೈ ಹೊತ್ತಿಗೆ ಬೆಂಗಳೂರು ಸೇರಿದ ಕಾರ್ನ್‌ವಾಲಿಸ್ ಮುಂದಿನ ಆರು ತಿಂಗಳು ಮಾಡಿದ ಕೆಲಸವೇ ಬೇರೆ. ಹೊಸ ಫಿರಂಗಿಗಳನ್ನೂ ಎತ್ತುಗಳನ್ನೂ ಕೂಡಿಹಾಕಿದ. ಕೆಸರಿನಲ್ಲಿ ಹೂತ ಫಿರಂಗಿಯನ್ನು ಹಿಂದಿನಿಂದ ಹಣೆಗೊಟ್ಟು ತಳ್ಳಲು ಆನೆಗಳನ್ನು ತರಿಸಿದ. ಹೇರೆತ್ತುಗಳ ಮೇಲೆ ಧಾನ್ಯ ಸಾಗಿಸುತ್ತಿದ್ದ ಲಂಬಾಣಿಗರನ್ನು ಒಳ್ಳೆಯ ಹಣ ಕೊಟ್ಟು ತನ್ನ ಕಡೆಗೆ ಒಲಿಸಿಕೊಂಡ. ತನ್ನ ಸೈನ್ಯದ ದಾರಿಗಳನ್ನು ಕಾಯುವ ದುರ್ಗಗಳನ್ನು ಒಂದೊಂದಾಗಿ ಹಿಡಿದ: ಅಕ್ಟೋಬರಿನಲ್ಲಿ ನಂದಿ, ಡಿಸೆಂಬರ್ 21ರಂದು ಸಾವನದುರ್ಗ, 24ರಂದು ನಮ್ಮ ಹುತ್ರಿದುರ್ಗ. 1792ರ ಜನವರಿಯ ಕೊನೆಗೆ ಸೈನ್ಯಗಳೆಲ್ಲ ಹುತ್ರಿದುರ್ಗದ ಆಸುಪಾಸಿನಲ್ಲಿ ಒಗ್ಗೂಡಿ, ಹುಲಿಯೂರುದುರ್ಗದ ಮೇಲಿಂದ ಹೊರಟು, ಫೆಬ್ರವರಿ 5ಕ್ಕೆ ಶ್ರೀರಂಗಪಟ್ಟಣದ ಹೊರಗೆ ಬೀಡುಬಿಟ್ಟವು. ಮರುದಿನ ರಾತ್ರಿಯೇ ದಾಳಿ. ಮುಂದಿನ ಒಪ್ಪಂದ, ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾದ ದುಃಖದ ಸಂಗತಿ ಎಲ್ಲರಿಗೂ ತಿಳಿದದ್ದೇ.

ಅದೇ ಸೇನಾಪತಿ, ಅದೇ ಶ್ರೀರಂಗಪಟ್ಟಣ. ಮೊದಲ ಸಲ ದಾರಿಯಲ್ಲಿ ಎಲ್ಲವೂ ನೆಟ್ಟಗೆ ಇರುತ್ತದೆಂದು ನಂಬಿ ಹೊರಟ. ಎರಡನೆಯ ಸಲ ಎಲ್ಲವೂ ಕೆಡುತ್ತದೆಂದು ಎಣಿಸಿ ಹೊರಟ. ಕನ್ನಡ ನೆಲದ ಅರಸನ ಸೋಲಿನಿಂದ ಪಾಠ ಕಲಿಯುವುದು ಕಷ್ಟವೇ. ಆದರೂ ಚರಿತ್ರೆಯ ಮೇಷ್ಟರಿಗೆ ಆ ಮುಲಾಜು ಇರಬಾರದು.

ವಾಸ್ತವವಾಗಿ ಈ ವಿದ್ಯೆಯಲ್ಲಿ ಮೈಸೂರಿನವರೇ ಮುಂದಿದ್ದವರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲುಬೆಣ್ಣೆಗೆಂದು ಆರಂಭವಾದ ಬೆಣ್ಣೆಚಾವಡಿಯನ್ನು ಹೈದರಾಲಿ ಬೆಳೆಸಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ದಂಡಿನ ಫಿರಂಗಿ, ಸಾಮಾನು ಎಳೆಯಲು ಆ ಎತ್ತುಗಳಿಗೆ ಸಮನಾದವು ಬೇರಿರಲಿಲ್ಲ. ಚಿದಂಬರದ ನೆರವಿಗಾಗಿ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಗೆಜೆಟಿಯರುಗಳು ಹೇಳುತ್ತವೆ. ಎತ್ತು ಸತ್ತ ಮೇಲೆ ಎತ್ತು ಹುಡುಕುವುದಲ್ಲ. ಯುದ್ಧವಿಲ್ಲದ ಕಾಲದಲ್ಲೂ ಕಾವಲುಗಳಲ್ಲಿ ಮೇಯಿಸಿ, ಪಳಗಿಸಿ, ಬದಲಿಗೆ ಸಿದ್ಧವಾಗಿಡುವುದು ಅಮೃತಮಹಲಿನ ತತ್ವ. ಕುಣಿಗಲ್ಲಿನ ಕುದುರೆ ಫಾರಂ ಕೂಡ ಆ ಕಾಲದ ದಂಡಿನ ಕುದುರೆಗಳ ಪಾಲನೆಗಾಗಿ ಮೊದಲಾದದ್ದೇ.

ಸೈನ್ಯದ ಮಾತು ಬಿಟ್ಟರೂ, ದಾರಿಹೋಕನ ಕಷ್ಟವನ್ನು ಮುಂಚಿತವಾಗಿ ಎಣಿಸುವುದು ನಮ್ಮ ಸಮಾಜದಲ್ಲಿ ಪುಣ್ಯದ ಕೆಲಸವೆನಿಸಿತ್ತು. ಛತ್ರ, ಅರವಟ್ಟಿಗೆ, ತಲೆಹೊರೆ ಇಳಿಸಲು ನಿಲ್ಲಿಸಿದ ಎದೆಯೆತ್ತರದ ಕಲ್ಲುಗಳು, ಸಾಲುಮರ ಇವೆಲ್ಲ ಏನು? ಯಾರೋ ಗುರುತಿಲ್ಲದವನು ಎಂದೋ ಇಲ್ಲಿ ಸೋತು ನಿಲ್ಲುತ್ತಾನೆ ಎಂದು ಇನ್ನಾರೋ ಮೊದಲೇ ಯೋಚಿಸಿದ್ದರ ಗುರುತು. ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ ಹುಲಿಕಲ್ಲಿನಿಂದ ಕುದೂರಿನವರೆಗೆ ಆಲದ ಸಸಿಗಳನ್ನು ನೆಟ್ಟು ನೀರೆರೆದದ್ದೂ ಇದೇ ಪರಂಪರೆಯಲ್ಲಿ. ಕಮೀಷನರ್ ಮಾರ್ಕ್ ಕಬ್ಬನ್ನನ ಕಾಲದಲ್ಲಿ (1834–61) ಮೈಸೂರು ಸೀಮೆಯಲ್ಲಿ ಸುಮಾರು 1,600 ಮೈಲಿ ರಸ್ತೆಯಾಯಿತು, ಸೇತುವೆಗಳು ಬಂದವು. ಹೇರೆತ್ತಿನ ದಾರಿಗಳು ಗಾಡಿಯ ದಾರಿಗಳಾದವು.

ಇನ್ನು ಮೋಟಾರಿನ ಕಾಲ. 'ಸ್ಟೆಪ್ನಿ' ಎಂಬ ಮಾತು ನಮ್ಮ ಹಳ್ಳಿಯ ಹುಡುಗರ ಬಾಯಲ್ಲೂ ಓಡಾಡುತ್ತದೆ. ಅದು ಬಂದದ್ದು ಬ್ರಿಟನ್ನಿನ ವೇಲ್ಸ್ ಪ್ರಾಂತದ ಲನೆತ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ. ಆರಂಭದ ಮೋಟಾರುಗಳಿಗೆ ಬದಲಿ ಚಕ್ರವೇ ಇರಲಿಲ್ಲ. ಗಾಳಿ ಹೋದರೆ ರಸ್ತೆಯಲ್ಲೇ ಕುಳಿತು ಟೈರು ಬಿಚ್ಚಬೇಕಿತ್ತು. 1904ರಲ್ಲಿ ಆ ಬೀದಿಯ ಡೇವಿಸ್ ಸಹೋದರರು, ಕೆಟ್ಟ ಚಕ್ರದ ಪಕ್ಕಕ್ಕೆ ಬಿಗಿಯಬಹುದಾದ, ಅರಗಳಿಲ್ಲದ ಒಂದು ಬದಲಿ ಚಕ್ರವನ್ನು ಮಾಡಿದರು. ಆ ವಸ್ತು ಎಂದೋ ಮರೆಯಾಯಿತು, ಹೆಸರು ಮಾತ್ರ ನಮ್ಮಲ್ಲಿ ಉಳಿಯಿತು.

ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಓಡಿದವು. ಬಸ್ಸಿನ ಹಿಂದೆ ಒಂದು ಉದ್ದನೆಯ ಒಲೆ. ಕಡಿಮೆ ಗಾಳಿಯಲ್ಲಿ ಇದ್ದಿಲು ಉರಿದಾಗ ಹುಟ್ಟುವ ಅನಿಲವೇ ಎಂಜಿನ್ನಿಗೆ ಆಹಾರ. ಹೊರಡುವುದಕ್ಕೆ ಬಹಳ ಮೊದಲೇ ಕ್ಲೀನರು ತಿದಿ ತಿರುಗಿಸಿ ಬೆಂಕಿ ಮಾಡಬೇಕು. ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. "ಟಿಕೆಟ್ಟು ಕೊಂಡವರು ನಾವು, ನೂಕುವವರೂ ನಾವೇ" ಎಂದು ಅಪ್ಪ ನಗುತ್ತಿದ್ದರು. ಚಕ್ರ ಹಿಂದಕ್ಕೆ ಉರುಳದಂತೆ ಮರದ ದಿಮ್ಮಿ ಹಿಡಿದು ಓಡುವ ಕ್ಲೀನರೇ ಆ ಬಸ್ಸಿನ ನಿಜವಾದ ಬ್ರೇಕು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾದ ಮೇಲೆ ಡಿಪೊ, ವರ್ಕ್‌ಶಾಪು, ಬದಲಿ ಬಸ್ಸು ಎಂಬ ವ್ಯವಸ್ಥೆ ನಿಧಾನವಾಗಿ ಬೇರೂರಿತು.

ಆಮೇಲೆ ಅಂಬಾಸಡರ್ ಕಾರಿನ ದಿನಗಳು. ಅನುಭವಸ್ಥ ಚಾಲಕರ ಡಿಕ್ಕಿ ಅಪ್ಪನ ಗೋಣಿಚೀಲದಂತೆಯೇ ಇರುತ್ತಿತ್ತು. ಒಂದು ಫ್ಯಾನ್ ಬೆಲ್ಟು, ಎರಡು ಟ್ಯೂಬು, ಪ್ಲಗ್ಗು, ಪಾಯಿಂಟು ಉಜ್ಜಲು ಉಪ್ಪುಕಾಗದ, ಜಾಕು, ಹಗ್ಗ, ಕ್ಯಾನಿನಲ್ಲಿ ನೀರು. ಪೆಟ್ರೋಲ್ ಟ್ಯಾಂಕು ಸೋರಿದರೆ ಬಟ್ಟೆ ಸೋಪನ್ನು ಮೆತ್ತುತ್ತಿದ್ದರು. ರೇಡಿಯೇಟರ್ ಸಣ್ಣಗೆ ಸೋರಿದರೆ ಒಂದು ಹಿಡಿ ಅರಿಶಿನದ ಪುಡಿ. ಬಿಸಿಲಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಎಂಜಿನ್ ನಿಂತರೆ ಪಂಪಿನ ಮೇಲೆ ಒದ್ದೆಬಟ್ಟೆ. ಅವರಿಗೆ ಗಾಡಿಯ ಒಳಗು ಗೊತ್ತಿತ್ತು, ಗೊತ್ತಿದ್ದರಿಂದ ಧೈರ್ಯವಿತ್ತು.

ಇಷ್ಟೆಲ್ಲ ಬರೆದ ನಾನೇ ಒಮ್ಮೆ ತಪ್ಪಿದೆ. ಅದನ್ನು ಮುಚ್ಚಿಟ್ಟರೆ ಈ ಬರಹ ಪ್ರಾಮಾಣಿಕವಾಗದು. 1987ರಲ್ಲಿ ನಾವು ಕೆಲವರು ಉಪಾಧ್ಯಾಯರು ಮನೆಮಂದಿಯೊಡನೆ ಬಾಡಿಗೆ ವ್ಯಾನಿನಲ್ಲಿ ಧರ್ಮಸ್ಥಳಕ್ಕೆ ಹೊರಟೆವು. ವ್ಯವಸ್ಥೆಯೆಲ್ಲ ನನ್ನ ಹೆಗಲಿಗೆ. ಪುಳಿಯೋಗರೆ ಎಷ್ಟು, ಚಕ್ಕುಲಿ ಎಷ್ಟು ಎಂದು ಪಟ್ಟಿ ಮಾಡಿದ ನಾನು, "ಸ್ಟೆಪ್ನಿ ಸರಿಯಾಗಿದೆಯೇನಪ್ಪಾ?" ಎಂದು ಕೇಳಿ, ಡ್ರೈವರು "ಇದೆ ಸಾರ್" ಎಂದದ್ದನ್ನು ನಂಬಿ, ಮುಟ್ಟಿ ನೋಡದೆ ಹೊರಟೆ. ಶಿರಾಡಿ ಘಾಟಿಯಲ್ಲಿ, ಸುರಿಯುವ ಮಳೆಯಲ್ಲಿ, ಸಂಜೆ ಏಳರ ಹೊತ್ತಿಗೆ ಹಿಂದಿನ ಟೈರು ಒಡೆಯಿತು. ಸ್ಟೆಪ್ನಿ ಇಳಿಸಿದರೆ ಅದರಲ್ಲಿ ಗಾಳಿಯೇ ಇಲ್ಲ. ಡ್ರೈವರು ಬಂದ ಲಾರಿ ಹತ್ತಿ ಗುಂಡ್ಯದ ಕಡೆಗೆ ಟೈರು ಹೊತ್ತು ಹೋದವನು ಹಿಂದಿರುಗಿದ್ದು ರಾತ್ರಿ ಒಂದು ಗಂಟೆಗೆ.

ನಮ್ಮ ಜೊತೆಗಿದ್ದ ಸಹೋದ್ಯೋಗಿಯೊಬ್ಬರ ಮಗುವಿಗೆ ಆ ರಾತ್ರಿ ಜ್ವರ ಏರಿತು. ಔಷಧಿಯಿಲ್ಲ, ಬಿಸಿನೀರಿಲ್ಲ, ಒಂದು ಟಾರ್ಚೂ ಇಲ್ಲ. ಆ ತಾಯಿ ಒದ್ದೆ ಸೆರಗನ್ನು ಮಗುವಿನ ಹಣೆಗೆ ಒತ್ತುತ್ತ ಆರು ಗಂಟೆ ಕುಳಿತರು. ನನಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು. ಮಗು ಗುಣವಾಯಿತು, ದೇವರು ದೊಡ್ಡವನು. ಆದರೆ ಆ ಆರು ಗಂಟೆಗಳಲ್ಲಿ ನನಗೆ ಮತ್ತೆ ಮತ್ತೆ ಕಂಡದ್ದು ಅಪ್ಪನ ಕೈ ಗೋಣಿಚೀಲದಿಂದ ಕಡಾಣಿ ತೆಗೆದದ್ದು. ಅವರು ಯಾರನ್ನೂ "ಕಡಾಣಿ ಇದೆಯೇ?" ಎಂದು ಕೇಳುತ್ತಿರಲಿಲ್ಲ, ಹೊರಡುವ ಮುನ್ನ ಚೀಲಕ್ಕೆ ಕೈಹಾಕಿ ಮುಟ್ಟಿ ನೋಡುತ್ತಿದ್ದರು. ವ್ಯತ್ಯಾಸ ಅಷ್ಟೇ.

ಸಿದ್ಧತೆಯಿಲ್ಲದೆ ಹೊರಟವನ ತಪ್ಪಿಗೆ ದಂಡ ತೆರುವವರು ಬೇರೆಯವರು ಎಂಬುದು ನನಗೆ ಅಂದು ತಿಳಿಯಿತು. 1791ರಲ್ಲಿ ಕಾರ್ನ್‌ವಾಲಿಸ್ ಹಸಿವಿನಿಂದ ಸಾಯಲಿಲ್ಲ. ಸತ್ತದ್ದು ಮೂಕ ಎತ್ತುಗಳು, ಹೊರೆ ಹೊತ್ತ ಕೂಲಿಗಳು, ದಂಡಿನ ಹಿಂದೆ ಬಂದ ಬಡವರು. ಘಾಟಿಯಲ್ಲಿ ನರಳಿದ್ದು ವ್ಯವಸ್ಥಾಪಕನಾದ ನಾನಲ್ಲ, ಏನೂ ಅರಿಯದ ಒಂದು ಮಗು.

ಈಗಿನ ಅನುಕೂಲಗಳನ್ನು ನಾನು ಅಲ್ಲಗಳೆಯುವವನಲ್ಲ. 2008ರಿಂದ ನಮ್ಮ ರಾಜ್ಯದಲ್ಲಿ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕಷ್ಟವಾದರೆ 1033, ಪೊಲೀಸರ ನೆರವಿಗೆ 112. 2020ರ ಜುಲೈನಲ್ಲಿ ಕೇಂದ್ರ ಸರ್ಕಾರವೇ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ಸಾಧನ, ರಿಪೇರಿ ಕಿಟ್ ಮೂರೂ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದಿತು. ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಆ ಕಿಟ್ ಮೊಳೆ ಚುಚ್ಚಿದ ತೂತನ್ನು ಮುಚ್ಚೀತು; ಪಕ್ಕದಲ್ಲಿ ಹರಿದ ಟೈರಿಗೆ ಅದರಿಂದ ಉಪಯೋಗವಿಲ್ಲ. ಅದೇ ಶಿರಾಡಿ ಘಾಟಿ 2018ರ ಆಗಸ್ಟಿನಲ್ಲಿ, ಮತ್ತೆ 2024ರ ಜುಲೈನಲ್ಲಿ ಗುಡ್ಡ ಕುಸಿದು ಸಂಚಾರ ನಿಂತದ್ದನ್ನು ಎಲ್ಲರೂ ಕಂಡಿದ್ದೇವೆ. ಗಾಡಿ ಕೆಡದಿದ್ದರೂ ದಾರಿಯೇ ಕೆಡಬಹುದು.

ಅಂದು ರಾತ್ರಿ ಊಟವಾದ ಮೇಲೆ ಹುಡುಗನನ್ನು ಜಗಲಿಯಲ್ಲಿ ಕೂರಿಸಿಕೊಂಡು ಅವನ ತಾಯಿ ಹುಟ್ಟಿದ ರಾತ್ರಿಯ ಕಥೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅಮ್ಮ ಇದನ್ನ ಯಾವತ್ತೂ ಹೇಳಿಲ್ಲ ತಾತ" ಎಂದ. ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಪುಸ್ತಕ ಹಿಡಿದು, ಗಾಳಿ ತುಂಬುವ ಪಂಪನ್ನು ಹೊರಗೆ ತೆಗೆದು, ಒಮ್ಮೆ ನಡೆಸಿ ನೋಡುತ್ತಿದ್ದ. ಕುಣಿಗಲ್ಲಿನಲ್ಲಿ ಟಾರ್ಚು, ಹಗ್ಗ, ಹತ್ತು ಲೀಟರ್ ನೀರಿನ ಕ್ಯಾನು, ಮಕ್ಕಳಿಗೆ ಜ್ವರದ ಔಷಧಿ ಕೊಂಡನಂತೆ. ಫೋನಿನಲ್ಲಿದ್ದ ನಂಬರುಗಳನ್ನು ಒಂದು ಕಾಗದದಲ್ಲೂ ಬರೆದುಕೊಂಡ. ಹಗಲಿನಲ್ಲೇ ಘಾಟಿ ಇಳಿಯುವಂತೆ ಹೊರಡುವ ಹೊತ್ತನ್ನು ಎರಡು ಗಂಟೆ ಹಿಂದಕ್ಕೆ ತಂದ.

ಅವನಿಗೆ ದಾರಿಯಲ್ಲಿ ಯಾವ ತೊಂದರೆಯೂ ಆಗಲಿಲ್ಲ. ಒಂದು ವಾರದ ಮೇಲೆ ಹಿಂದಿರುಗುವಾಗ ಮನೆಗೆ ಬಂದು, "ನೋಡಿ ತಾತ, ಏನೂ ಬೇಕಾಗಲೇ ಇಲ್ಲ" ಎಂದು ನಗುತ್ತ ಹೇಳಿದ. "ಸಂತೋಷವಪ್ಪಾ, ಹಾಗೆಯೇ ಇರಲಿ" ಎಂದೆ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆ ನಮ್ಮ ಹಿರಿಯರದು. ಅಪ್ಪನ ಗೋಣಿಚೀಲದ ಎರಡನೆಯ ಕಡಾಣಿ ಮಾತ್ರ ಕೊನೆಯವರೆಗೂ ಬಳಕೆಗೆ ಬರಲೇ ಇಲ್ಲ. ಗಾಡಿ ಹೋಯಿತು, ಎತ್ತುಗಳು ಹೋದವು, ಅಪ್ಪನೂ ಹೋದರು. ಆ ಕಡಾಣಿ ಈಗಲೂ ನಮ್ಮ ಅಟ್ಟದ ಮೇಲಿದೆ. ಹುಡುಗ ಹೊರಡುವಾಗ ಅದನ್ನು ಒರೆಸಿ ಅವನ ಕೈಗೆ ಕೊಟ್ಟೆ. ಅವನು ಅದನ್ನು ಡಿಕ್ಕಿಯಲ್ಲಿ, ಪಂಕ್ಚರ್ ಕಿಟ್ಟಿನ ಪಕ್ಕದಲ್ಲಿ ಇಟ್ಟುಕೊಂಡ.